ಮೌಸ್ ಚಕ್ರ ಮೇಲಕ್ಕೆ ತಿರುಗಿಸಿದರೆ ಏನಾಗಬೇಕು?

ನನ್ನದು ಗೇಮ್ ಟೆಸ್ಟಿಂಗ್ ಕೆಲಸ, ಬೆಂಗಳೂರಿನಲ್ಲಿ. ಹೊರದೇಶದ ಸಣ್ಣಪುಟ್ಟ ತಂಡಗಳು ಮಾಡಿದ ಆಟಗಳು ನಮ್ಮ ಹತ್ತಿರ ಬರುತ್ತವೆ. ಆಡಿ, ತಪ್ಪು ಹುಡುಕಿ, ಬರೆದು ಕಳಿಸುತ್ತೇವೆ. ಇದರಲ್ಲಿ ನನ್ನ ಪಾಲಿಗೆ ಜಾಸ್ತಿ ಬಂದಿರುವುದು ವಿಷುಯಲ್ ನಾವೆಲ್‌ಗಳು. ಓಡುವುದು, ಹಾರುವುದು, ಗುಂಡು ಹೊಡೆಯುವುದು ಏನೂ ಇರುವುದಿಲ್ಲ. ಹಿಂದೆ ಒಂದು ಚಿತ್ರ, ಮುಂದೆ ಪಾತ್ರಗಳು, ಕೆಳಗೆ ಮಾತಿನ ಡಬ್ಬಿ. ಕ್ಲಿಕ್ ಮಾಡಿದರೆ ಮುಂದಿನ ಸಾಲು. ಆಗಾಗ ಒಂದು ಆಯ್ಕೆ, ಅದರ ಪ್ರಕಾರ ಕಥೆ ಬೇರೆ ದಾರಿ ಹಿಡಿಯುತ್ತದೆ.

"ಓದುವ ಆಟ ತಾನೇ? ಯಾವ ಎಂಜಿನ್‌ನಲ್ಲಿ ಮಾಡಿದರೇನು?" ಅಂತ ಟೀಮಿಗೆ ಹೊಸದಾಗಿ ಬಂದವರು ಕೇಳುತ್ತಾರೆ. ಎಂಜಿನ್ ಅಂದರೆ ಆಟ ಕಟ್ಟಲು ಬಳಸುವ ತಂತ್ರಾಂಶ; ರೆನ್‌ಪೈ, ಯೂನಿಟಿ ಅಂಥವೇ. ಆಡುವವರನ್ನು ಕೇಳಿದರೆ ಉತ್ತರ ಬೇರೆ. ಕಥೆ ಏನು ಅಂತ ಕೇಳುವ ಮೊದಲೇ "ರೆನ್‌ಪೈನಲ್ಲಿ ಮಾಡಿದ್ದಾ, ಯೂನಿಟಿಯಲ್ಲಾ?" ಅಂತ ಕೇಳುವವರಿದ್ದಾರೆ. ಬೈಕ್ ಓಡಿಸುವವರು ಕಂಪನಿ ಹೆಸರಿಗೆ ಜಗಳ ಆಡುತ್ತಾರಲ್ಲ, ಇದೂ ಅಂಥದ್ದೇ ಅಂತ ಮೊದಮೊದಲು ಅಂದುಕೊಂಡಿದ್ದೆ. ಒಂದು ಆಟ ಟೆಸ್ಟ್ ಮಾಡಿದ ಮೇಲೆ ಆ ಅನಿಸಿಕೆ ಹೋಯಿತು.

ಅದು ಯೂನಿಟಿಯಲ್ಲಿ ಮಾಡಿದ ಆಟ. ತಂಡದ ಹೆಸರು ಬೇಡ. ಚಿತ್ರ ಚೆನ್ನಾಗಿತ್ತು, ಸಂಗೀತ ಚೆನ್ನಾಗಿತ್ತು, ಬರವಣಿಗೆಗೂ ಮೋಸ ಇರಲಿಲ್ಲ. ಇಂಥ ಆಟಗಳಲ್ಲಿ ಪಳಗಿದ ಕೆಲವರನ್ನು ಕರೆಸಿ ಆಡಿಸಿದೆವು. ನಾನು ಹಿಂದೆ ಕೂತು ನೋಡುತ್ತಿದ್ದೆ. ಒಂದು ಸಾಲು ಕಣ್ತಪ್ಪಿ ಹೋಯಿತು ಅಂದ ಕೂಡಲೇ ಅವರ ಬೆರಳು ಮೌಸ್ ಚಕ್ರವನ್ನು ಮೇಲಕ್ಕೆ ತಿರುಗಿಸುತ್ತಿತ್ತು. ಏನೂ ಆಗುತ್ತಿರಲಿಲ್ಲ. ಇನ್ನೊಮ್ಮೆ ತಿರುಗಿಸುತ್ತಿದ್ದರು. ಆಮೇಲೆ ಮೆನುವಿನಲ್ಲಿ ಹುಡುಕುತ್ತಿದ್ದರು. ಅಲ್ಲೂ ಇಲ್ಲ. ಕೊನೆಗೆ ಕೊಟ್ಟ ಫಾರಂನಲ್ಲಿ ಒಬ್ಬರು ಬರೆದಿದ್ದರು: "ಇದನ್ನು ರೆನ್‌ಪೈನಲ್ಲಿ ಮಾಡಬೇಕಿತ್ತು."

ಡೆವಲಪರ್‌ಗಳಿಗೆ ಆ ಸಾಲು ಚುಚ್ಚಿತು. ನಮ್ಮ ಎಂಜಿನ್‌ಗೆ ಏನು ಕೊರತೆ ಅಂತ ಮೀಟಿಂಗ್‌ನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಆಡಿದವರು ಎಂಜಿನ್ ಹೆಸರು ಹೇಳಿದ್ದು ನಿಜ. ಆದರೆ ಅವರು ಕೇಳಿದ್ದು ಹಿಂದಿನ ಸಾಲನ್ನು. ಈ ಕೆಲಸದಲ್ಲಿ ನಾನು ಕಲಿತದ್ದು ಇದೇ. ಪ್ಲೇಯರ್ ಎಂಜಿನ್ ಹೆಸರು ಎತ್ತಿದರೆ, ಆಗ ಅವರ ಬೆರಳು ಎಲ್ಲಿತ್ತು ಅಂತ ಮೊದಲು ನೋಡಬೇಕು.

ರೆನ್‌ಪೈ ಅನ್ನುವುದು ಟಾಮ್ ರಾಥಮೆಲ್ 2004ರಲ್ಲಿ ಹೊರತಂದ ಎಂಜಿನ್. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಕಟ್ಟಿದ್ದು. ಕಾಸು ಕೊಡಬೇಕಿಲ್ಲ, ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಎರಡು ಸಾಲು ಮಾತು ಬರೆದು ಓಡಿಸಿದರೆ ಸಾಕು, ಎಲ್ಲ ಸೌಲಭ್ಯ ಆಗಲೇ ಅಲ್ಲಿರುತ್ತದೆ. ಚಕ್ರ ಮೇಲಕ್ಕೆ ತಿರುಗಿಸಿದರೆ ಆಟ ಹಿಂದಕ್ಕೆ ಹೋಗುತ್ತದೆ. ಕಂಟ್ರೋಲ್ ಕೀ ಒತ್ತಿ ಹಿಡಿದರೆ ಸಾಲುಗಳು ಸರಸರ ಓಡುತ್ತವೆ. ಎಚ್ ಒತ್ತಿದರೆ ಡಬ್ಬಿ ಮಾಯವಾಗಿ ಚಿತ್ರ ಪೂರ್ತಿ ಕಾಣುತ್ತದೆ. ವಿ ಒತ್ತಿದರೆ ಕಂಪ್ಯೂಟರ್ ಸಾಲುಗಳನ್ನು ಓದಿ ಹೇಳುತ್ತದೆ. ಶಿಫ್ಟ್ ಜೊತೆ ಎ ಒತ್ತಿದರೆ ಅಕ್ಷರ ದೊಡ್ಡದು ಮಾಡುವ, ಫಾಂಟ್ ಬದಲಿಸುವ ಮೆನು ಬರುತ್ತದೆ. ಇಷ್ಟಕ್ಕೂ ಡೆವಲಪರ್ ಒಂದು ಸಾಲು ಕೋಡ್ ಬರೆದಿರುವುದಿಲ್ಲ.

ಹಾಗಾಗಿ 2012ರ ಕತಾವಾ ಶೋಜೊ, 2017ರ ಡೋಕಿ ಡೋಕಿ ಲಿಟರೇಚರ್ ಕ್ಲಬ್, 2023ರ ಸ್ಲೇ ದಿ ಪ್ರಿನ್ಸೆಸ್, ಬೇರೆ ಬೇರೆ ತಂಡದವು, ಒಂದಕ್ಕೊಂದು ಸಂಬಂಧವೇ ಇಲ್ಲದ ಕಥೆಗಳು, ಆದರೂ ತಳದಲ್ಲಿ ಇರುವುದು ಅದೇ ರೆನ್‌ಪೈ. ಕೆಲವು ತಂಡಗಳು ಕಥೆಗೆ ಬೇಕು ಅಂತ ಕೆಲವು ಸೌಲಭ್ಯ ಮುಚ್ಚಿಡುವುದುಂಟು. ಉಳಿದದ್ದು ಅದೇ ಕೀಗಳಲ್ಲಿ ಸಿಗುತ್ತದೆ. ಒಂದು ಆಟದಲ್ಲಿ ಕಲಿತ ಕೈಗೆ ಇನ್ನೊಂದು ಆಟ ಹೊಸದು ಅನ್ನಿಸುವುದಿಲ್ಲ.

ಈ ಹಿಂದಕ್ಕೆ ಹೋಗುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟೆಸ್ಟಿಂಗ್‌ನಲ್ಲಿ ಅತಿ ಹೆಚ್ಚು ತಲೆನೋವು ಕೊಡುವುದೂ ಇದೇ. ಜಪಾನಿನ ಹಳೆಯ ಆಟಗಳಲ್ಲಿ ಇರುವುದು ಬ್ಯಾಕ್‌ಲಾಗ್. ಅಂದರೆ ಆಗಿಹೋದ ಮಾತುಗಳ ಪಟ್ಟಿ. ತೆರೆದು ಓದಬಹುದು, ಅಷ್ಟೇ. ರೆನ್‌ಪೈನಲ್ಲಿರುವುದು ರೋಲ್‌ಬ್ಯಾಕ್. ಇಲ್ಲಿ ಆಟವೇ ಹಿಂದಿನ ಹೊತ್ತಿಗೆ ಮರಳುತ್ತದೆ. ಗೆಳತಿಗೆ ಬೈಯುವ ಆಯ್ಕೆ ಒತ್ತಿದಿರಿ, ಅವಳ ಸಿಟ್ಟಿನ ಲೆಕ್ಕ 2ರಿಂದ 3ಕ್ಕೆ ಏರಿತು ಅಂತಿಟ್ಟುಕೊಳ್ಳಿ. ಚಕ್ರ ತಿರುಗಿಸಿದರೆ ಆ ಲೆಕ್ಕ ಮತ್ತೆ 2. ಬೇರೆ ಆಯ್ಕೆ ಒತ್ತಬಹುದು.

ಇದನ್ನು ಹೊಸದಾಗಿ ಬರೆಯಲು ಹೊರಟವರ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ. ಮಾತು ಹಿಂದಕ್ಕೆ ಹೋಗುತ್ತದೆ, ಸಂಗೀತ ಹೋಗುವುದಿಲ್ಲ. ಮಾತು, ಸಂಗೀತ ಎರಡೂ ಹೋದರೆ ಜೇಬಿಗೆ ಬಂದ ಬೀಗದ ಕೈ ಅಲ್ಲೇ ಉಳಿಯುತ್ತದೆ, ಮುಂದೆ ಬಂದಾಗ ಎರಡು ಬೀಗದ ಕೈ ಆಗಿರುತ್ತವೆ. ರೆನ್‌ಪೈನಲ್ಲೂ ಪೂರ್ತಿ ನಿಶ್ಚಿಂತೆ ಇಲ್ಲ. ಸ್ಕ್ರಿಪ್ಟ್ ಫೈಲಿನೊಳಗೆ ಬರೆದ ಪಟ್ಟಿ, ಲೆಕ್ಕಗಳ ಮೇಲೆ ಎಂಜಿನ್ ಕಣ್ಣಿಟ್ಟಿರುತ್ತದೆ. ಹೊರಗೆ ಬೇರೆ ಪೈಥಾನ್ ಫೈಲಿನಲ್ಲಿ ಬರೆದು ತಂದ ಕ್ಲಾಸ್‌ಗಳ ಮೇಲೆ ಹಾಗೆ ಇಡುವುದಿಲ್ಲ. ಹೊರಗಿನಿಂದ ತಂದ ಇನ್ವೆಂಟರಿ ಕೋಡ್ (ಜೇಬಿನ ವಸ್ತುಗಳ ಲೆಕ್ಕ ಇಡುವ ಕೋಡ್) ಇರುವ ಬಿಲ್ಡ್, ಅಂದರೆ ಆಡಲು ಸಿದ್ಧವಾದ ಪ್ರತಿ, ಬಂದರೆ ನಾನು ಮೊದಲು ಮಾಡುವ ಕೆಲಸವೇ ಒಂದು ವಸ್ತು ತಗೊಂಡು ಚಕ್ರ ತಿರುಗಿಸುವುದು.

ಬರೆಯುವವರಿಗೆ ರೋಲ್‌ಬ್ಯಾಕ್ ಕಂಡರೆ ಅಷ್ಟಕ್ಕಷ್ಟೇ. ಆಯ್ಕೆಗೆ ಭಾರವೇ ಇಲ್ಲದಂತಾಗುತ್ತದೆ ಅನ್ನುತ್ತಾರೆ. ಅವರ ಮಾತಲ್ಲೂ ಹುರುಳಿದೆ. ಅದಕ್ಕೇ ಬೇಕಾದ ಜಾಗದಲ್ಲಿ ಮಾತ್ರ ತಡೆಯುವ ಕಮಾಂಡ್ ಎಂಜಿನ್‌ನಲ್ಲಿದೆ. ನನ್ನನ್ನು ಕೇಳಿದರೆ, ಕಥೆಯ ದೊಡ್ಡ ತಿರುವಿನಲ್ಲಿ ತಡೆಯಿರಿ, ಯಾರೂ ಬೈಯುವುದಿಲ್ಲ. ಇಡೀ ಆಟಕ್ಕೆ ಬೀಗ ಹಾಕಿದರೆ, ಫೋನ್ ಬಂದು ಎರಡು ಸಾಲು ತಪ್ಪಿಸಿಕೊಂಡವರಿಗೂ ಶಿಕ್ಷೆ ಕೊಟ್ಟ ಹಾಗೆ ಆಗುತ್ತದೆ, ಅಲ್ವಾ?

ಸ್ಕಿಪ್ ವಿಷಯವೂ ಇಷ್ಟೇ ಮುಖ್ಯ. ನಾಲ್ಕು ಕೊನೆಗಳಿರುವ ಆಟದಲ್ಲಿ ಮೊದಲ ಭಾಗ ಎಲ್ಲದಕ್ಕೂ ಒಂದೇ. ಎರಡನೇ ಸಲ ಆಡುವವರಿಗೆ ಅದು ಬೇಡ. ಓದಿದ ಸಾಲು ಓಡಬೇಕು, ಹೊಸ ಸಾಲು ಬಂದಾಗ ತಾನೇ ನಿಲ್ಲಬೇಕು. ರೆನ್‌ಪೈ ಯಾವ ಸಾಲು ಓದಿಯಾಗಿದೆ ಅಂತ ಲೆಕ್ಕ ಇಡುತ್ತದೆ. ಕೈಯಾರೆ ಬರೆದ ಎಂಜಿನ್‌ಗಳಲ್ಲಿ ಎರಡು ಬಗೆಯ ತಪ್ಪು ಕಂಡಿದ್ದೇನೆ. ಒಂದು, ಹೊಸ ಸಾಲೂ ಹಾರಿಹೋಗುತ್ತದೆ. ಇನ್ನೊಂದು, ಸ್ಕಿಪ್ ಒತ್ತಿದರೂ ಪ್ರತಿ ಚಿತ್ರ ನಿಧಾನವಾಗಿ ಮಸುಕಾಗಿ ಮುಗಿಯುವ ತನಕ ಕಾಯಬೇಕು.

ಇನ್ನು ಸೇವ್. ಕಂತು ಕಂತಾಗಿ ಬಿಡುಗಡೆಯಾಗುವ ಆಟಗಳಲ್ಲಿ ಇದೇ ಪ್ರಾಣ. ಮೂರನೇ ಕಂತು ಬಂದಾಗ ಎರಡನೇ ಕಂತಿನ ಸೇವ್ ತೆರೆಯಲೇಬೇಕು. ರೆನ್‌ಪೈನಲ್ಲಿ ಸ್ಕ್ರಿಪ್ಟ್ ತಿದ್ದಿದ ಮೇಲೂ ಹಳೆಯ ಸೇವ್ ಸಾಮಾನ್ಯವಾಗಿ ತೆರೆಯುತ್ತದೆ. ಕಾರಣ ಗೊತ್ತಿರಲಿ. ಸ್ಕ್ರಿಪ್ಟ್ ಕಂಪೈಲ್ ಆದಾಗ, ಅಂದರೆ ಎಂಜಿನ್ ಓಡಿಸಬಲ್ಲ ರೂಪಕ್ಕೆ ಬಂದಾಗ, ಆರ್‌ಪಿವೈಸಿ ಅನ್ನುವ ಫೈಲ್ ಹುಟ್ಟುತ್ತದೆ. ಅದರಲ್ಲಿ ಪ್ರತಿ ಹೇಳಿಕೆಗೂ ಎಂಜಿನ್ ಒಂದು ಒಳಹೆಸರು ಇಟ್ಟಿರುತ್ತದೆ. ತಿದ್ದಿ ಮತ್ತೆ ಕಂಪೈಲ್ ಮಾಡಿದಾಗ ಹಳೆಯ ಫೈಲ್ ನೋಡಿಕೊಂಡು ಬದಲಾಗದ ಸಾಲುಗಳಿಗೆ ಅದೇ ಹೆಸರು ಉಳಿಸುತ್ತದೆ. ಸೇವ್ ಫೈಲ್ ನೆಚ್ಚಿಕೊಂಡಿರುವುದು ಈ ಹೆಸರುಗಳನ್ನೇ. ಒಂದು ತಂಡದ ಬಿಲ್ಡ್ ಮಶೀನ್ ಪ್ರತಿ ಸಲ ಫೋಲ್ಡರ್ ಗುಡಿಸಿ ಶುರು ಮಾಡುತ್ತಿತ್ತು. ಆರ್‌ಪಿವೈಸಿ ಫೈಲುಗಳೂ ಕಸದ ಜೊತೆ ಹೋಗುತ್ತಿದ್ದವು. ಅಪ್‌ಡೇಟ್ ಬಂದ ಮೇಲೆ ಹಳೆಯ ಸೇವ್ ಎಲ್ಲೆಲ್ಲೋ ತೆರೆಯುತ್ತಿತ್ತು, ಓದಿದ ಸಾಲುಗಳು ಓದದ ಸಾಲುಗಳಾಗುತ್ತಿದ್ದವು. ಹಿಂದಿನ ಬಿಡುಗಡೆಯ ಆ ಫೈಲುಗಳನ್ನು ಎತ್ತಿಟ್ಟು ಬಳಸಲು ಶುರು ಮಾಡಿದ ಮೇಲೆ ದೂರು ನಿಂತಿತು. ಮೂಲ ಕೋಡ್ ಒಂದಿದ್ದರೆ ಸಾಕು, ಉಳಿದದ್ದು ಮತ್ತೆ ಹುಟ್ಟುತ್ತದೆ ಅನ್ನುವ ಪ್ರೋಗ್ರಾಮರ್ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಹಾಗಂತ ಎಲ್ಲರೂ ರೆನ್‌ಪೈ ಮೆಚ್ಚುತ್ತಾರೆ ಅಂತಲ್ಲ. ಅದರ ಜೊತೆ ಬರುವ ಮೆನುವನ್ನು ಹಾಗೇ ಬಿಟ್ಟ ಆಟಗಳು ಲೆಕ್ಕವಿಲ್ಲದಷ್ಟಿವೆ. ಆ ಮೆನು ಕಂಡ ಕೂಡಲೇ "ಇನ್ನೊಂದು ಬಂತು" ಅಂತ ಮುಚ್ಚುವವರೂ ಇದ್ದಾರೆ. ಪ್ಲೇಸ್ಟೇಷನ್, ಸ್ವಿಚ್ ಅಂಥ ಯಂತ್ರಗಳಿಗೆ ಒಯ್ಯಬೇಕು ಅಂದರೆ ಯೂನಿಟಿ ದಾರಿ ಸುಲಭ. ಡೋಕಿ ಡೋಕಿ ಆಟದ 2021ರ ಪ್ಲಸ್ ಆವೃತ್ತಿ ಯೂನಿಟಿಗೆ ಹೋಯಿತು. ಮೂಲ ಆಟದಲ್ಲಿ ಆಡುವವರು ನಿಜವಾದ ಫೋಲ್ಡರ್ ತೆರೆದು ಫೈಲ್ ಅಳಿಸಬೇಕಾದ ಒಂದು ಘಟ್ಟ ಇದೆ. ಗೇಮ್ ಕನ್ಸೋಲ್‌ನಲ್ಲಿ ಎಲ್ಲಿಯ ಫೋಲ್ಡರ್? ಅದಕ್ಕೆ ಪ್ಲಸ್‌ನಲ್ಲಿ ಆಟದೊಳಗೇ ಒಂದು ನಕಲಿ ಕಂಪ್ಯೂಟರ್ ಪರದೆ ಮಾಡಿಕೊಟ್ಟರು. ಯೂನಿಟಿಯಲ್ಲೇ ಇದ್ದುಕೊಂಡು ರೋಲ್‌ಬ್ಯಾಕ್, ಸ್ಕಿಪ್ ಬೇಕು ಅನ್ನುವವರಿಗೆ ನಾನಿನಾವೆಲ್ ಅನ್ನುವ ಸೇರ್ಪಡೆ ಸಿಗುತ್ತದೆ. ನಾನು ಮೊದಲು ಹೇಳಿದ ತಂಡಕ್ಕೆ ಯೂನಿಟಿ ಬಿಡುವ ಅಗತ್ಯ ಇರಲಿಲ್ಲ. ಇದನ್ನು ಒಪ್ಪಿಸಲು ವರದಿಯಿಂದ ಎಂಜಿನ್ ಹೆಸರನ್ನೇ ತೆಗೆದು, ಕೀ ಮತ್ತು ಅದರ ಕೆಲಸ ಮಾತ್ರ ಬರೆದು ಕಳಿಸಬೇಕಾಯಿತು.

ಕನ್ನಡದಲ್ಲಿ ಇಂಥ ಆಟ ಮಾಡಬೇಕು ಅಂತ ಆಸೆ ಇರುವವರಿಗೆ ಎಂಜಿನ್ ಆಯ್ಕೆಯಲ್ಲಿ ಇನ್ನೊಂದು ಪರೀಕ್ಷೆ ಇದೆ: ಒತ್ತಕ್ಷರ. ಅಕ್ಷರಗಳನ್ನು ಸುಮ್ನೆ ಒಂದರ ಪಕ್ಕ ಒಂದು ಜೋಡಿಸುವ ಎಂಜಿನ್‌ನಲ್ಲಿ "ಅಕ್ಕ" ಹೋಗಿ "ಅಕ್‌ಕ" ಆಗುತ್ತದೆ. ಕಥೆ ಎಷ್ಟೇ ಚೆನ್ನಾಗಿರಲಿ, ಅದನ್ನು ಎರಡು ನಿಮಿಷಕ್ಕಿಂತ ಹೆಚ್ಚು ಯಾರೂ ಓದುವುದಿಲ್ಲ. ಯೂನಿಟಿಯಲ್ಲಿ ಅಕ್ಷರ ತೋರಿಸಲು ಬಹಳ ಜನ ಬಳಸುವ ಟೆಕ್ಸ್ಟ್‌ಮೆಶ್‌ಪ್ರೊ ಭಾರತದ ಲಿಪಿಗಳಲ್ಲಿ ಎಡವುವುದು ಇಲ್ಲೇ. ರೆನ್‌ಪೈಗೆ 2023ರ 8.1 ಆವೃತ್ತಿಯಲ್ಲಿ ಹಾರ್ಫ್‌ಬಝ್ ಅನ್ನುವ ಅಕ್ಷರ ಜೋಡಣೆಯ ಲೈಬ್ರರಿ ಸೇರಿತು. ಅದೇ ವರ್ಷ ಬಂದ ಗೋಡೋ 4 ಅನ್ನುವ ಇನ್ನೊಂದು ಎಂಜಿನ್‌ನಲ್ಲೂ ಅದೇ ಇದೆ. ಹಳೆಯ ಪಾಠ ನೋಡಿಕೊಂಡು ಹಳೆಯ ರೆನ್‌ಪೈ ಇಳಿಸಿಕೊಳ್ಳಬೇಡಿ.

ಎಂಜಿನ್ ಯಾವುದೇ ಇರಲಿ, ಕಥೆ ಬರೆಯುವ ಮುಂಚೆ ಮಾತಿನ ಡಬ್ಬಿಗೆ ಈ ಸಾಲು ಹಾಕಿ: "ಶಾಸ್ತ್ರಿಗಳ ಮನೆಯ ಅಕ್ಕಿಯಲ್ಲಿ ಕಲ್ಲಿತ್ತು, ಕಚ್ಚಿದಾಗ ಕರ್ಕಶವಾಗಿ ಸದ್ದಾಯ್ತು." ಅಕ್ಷರ ಒಂದೊಂದೇ ಮೂಡುವ ಹಾಗೆ ವೇಗ ಕಡಿಮೆ ಮಾಡಿ ನೋಡಿ, ಫಾಂಟ್ ದೊಡ್ಡದು ಮಾಡಿ ನೋಡಿ, ಫೋನ್‌ನಲ್ಲೂ ನೋಡಿ. "ಸ್ತ್ರಿ" ಒಡೆದರೆ, ಅಥವಾ ಅರ್ಕಾವತ್ತು ಎಲ್ಲೋ ಹಾರಿ ಕೂತರೆ, ಆ ಎಂಜಿನ್ ಬಿಟ್ಟು ಬೇರೆ ನೋಡಿ.