ಕಪಾಟು ಮಾಷ್ಟ್ರು

ಮಾಷ್ಟ್ರು ತೀರಿಕೊಂಡ ಸುದ್ದಿ ಸಿಕ್ಕಿದಾಗ ನಾನು ಕುಂಬಳೆ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಫೋನು ಮಾಡಿದ ಗೆಳೆಯ ಹೆಸರು ಹೇಳಲಿಲ್ಲ. "ನಮ್ಮ ಕಪಾಟು ಮಾಷ್ಟ್ರು ಹೋದರು ಮಾರಾಯ" ಅಂದ. ನಮ್ಮ ಬ್ಯಾಚಿನವರಿಗೆ ಅವರು ಇವತ್ತಿಗೂ ಕಪಾಟು ಮಾಷ್ಟ್ರೇ. ಬದಿಯಡ್ಕದ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಾಲೆಯವರು ಕೇಳಿದಾಗ, ಏಳು ವರ್ಷದಲ್ಲಿ ಕಲಿತ ಪಾಠಗಳನ್ನು ನೆನಪು ಮಾಡಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಆ ಕಪಾಟು.

ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಅದಾದ ಮೇಲೆ, ಜೂನ್ ತಿಂಗಳ ಮಳೆಯಲ್ಲಿ, ನಾನು ಒಂದನೇ ಕ್ಲಾಸಿಗೆ ಸೇರಿದೆ. ನಮ್ಮ ಮನೆಯಲ್ಲಿ ತುಳು. ಬೆಂಚಿನಲ್ಲಿ ನನ್ನ ಎಡಕ್ಕೆ ಕೂತವನ ಮನೆಯಲ್ಲಿ ಮಲಯಾಳ, ಬಲಕ್ಕೆ ಕೂತವನ ಮನೆಯಲ್ಲಿ ಹವ್ಯಕ ಮಾತು, ಹಿಂದಿನ ಬೆಂಚಿನಲ್ಲಿ ಮರಾಟಿ, ಕೊಂಕಣಿ, ಬ್ಯಾರಿ. ಬಸ್ಸಿನ ಬೋರ್ಡು ಮಲಯಾಳದ್ದು. ಕನ್ನಡ ಇದ್ದದ್ದು ಶಾಲೆಯಲ್ಲಿ, ಯಕ್ಷಗಾನದಲ್ಲಿ, ಮತ್ತೆ ಪುಸ್ತಕದಲ್ಲಿ. ಪುಸ್ತಕಗಳಿದ್ದದ್ದು ಆ ಒಂದು ಕಪಾಟಿನಲ್ಲಿ.

ಹಲಸಿನ ಮರದ ಕಪಾಟು ಅದು. ಆಫೀಸು ಕೋಣೆಯ ಮೂಲೆಯಲ್ಲಿತ್ತು. ಒಂದು ಗಾಜು ಒಡೆದು, ಅಲ್ಲಿಗೆ ರಟ್ಟು ಬಡಿದಿದ್ದರು. ಇರುವೆ ಹತ್ತಬಾರದೆಂದು ನಾಲ್ಕು ಕಾಲಿನ ಕೆಳಗೂ ನೀರು ತುಂಬಿದ ಗೆರಟೆ, ಅಂದರೆ ತೆಂಗಿನ ಚಿಪ್ಪು, ಇಡುತ್ತಿದ್ದರು. ಸೋಮವಾರ ಆ ಗೆರಟೆಗಳಿಗೆ ನೀರು ತುಂಬಿಸುವ ಕೆಲಸಕ್ಕೆ ನಮ್ಮೊಳಗೆ ಜಗಳವೇ ಆಗುತ್ತಿತ್ತು. ಯಾಕೆಂದರೆ ನೀರು ತುಂಬಿಸಿದವನಿಗೆ ಮೊದಲು ಪುಸ್ತಕ ಆರಿಸುವ ಹಕ್ಕು.

ಶುಕ್ರವಾರ ಕೊನೆಯ ಪಿರಿಯಡ್ ಕಥೆಗೆ. ಮಾಷ್ಟ್ರು ಮೇಜಿನ ಮೇಲೆ ಕೂತುಕೊಳ್ಳುತ್ತಿರಲಿಲ್ಲ, ನಮ್ಮ ಜೊತೆ ನೆಲಕ್ಕೇ ಬರುತ್ತಿದ್ದರು. ನೆಹರೂ ಬಾಲ ಪುಸ್ತಕಾಲಯದ ತೆಳು ಪುಸ್ತಕಗಳ ಚಿತ್ರವನ್ನು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಹಿಡಿದು, ತಾವು ತಲೆಕೆಳಗಾಗಿ ಓದುತ್ತಿದ್ದರು. ರಷ್ಯದಿಂದ ಕನ್ನಡಕ್ಕೆ ಬಂದ ಮಕ್ಕಳ ಪುಸ್ತಕಗಳೂ ಇದ್ದವು. ನಯವಾದ ಕಾಗದ, ದೊಡ್ಡ ದೊಡ್ಡ ಬಣ್ಣದ ಚಿತ್ರ. ಅದರಲ್ಲೊಂದರಲ್ಲಿ ಹಿಮ ಬೀಳುತ್ತದೆ. ಹಿಮ ಎಂದರೆ ಎಂತ ಎಂದು ಯಾರೋ ಕೇಳಿದರು. ಮಾಷ್ಟ್ರು ಗಂಜಿ ಬೇಯಿಸುವ ಅಕ್ಕನ ಹತ್ತಿರ ಹೋಗಿ ಒಂದು ಹಿಡಿ ತೆಂಗಿನಕಾಯಿ ತುರಿ ತಂದರು. ಮೇಲಿನಿಂದ ನಮ್ಮ ತಲೆಗೆ ಉದುರಿಸಿದರು. ಇಷ್ಟೇ, ಆದರೆ ತಣ್ಣಗಿರುತ್ತದೆ ಅಂದರು. ನಾವು ತಲೆಯಿಂದ ಹೆಕ್ಕಿ ತಿಂದೆವು.

ಪುಸ್ತಕ ವಾಪಸು ಕೊಡುವಾಗ ಅವರು ಪ್ರಶ್ನೆ ಕೇಳುತ್ತಿರಲಿಲ್ಲ. ಪುಸ್ತಕವನ್ನೇ ನೋಡುತ್ತಿದ್ದರು. ಹಾಳೆ ತಿರುಗಿಸಿ, ಮೂಗಿನ ಹತ್ತಿರ ತಂದು ಮೂಸುತ್ತಿದ್ದರು. "ಹನ್ನೆರಡನೇ ಪುಟದಲ್ಲಿ ಹಲಸಿನ ಮೇಣ ಉಂಟು, ಆಮೇಲೆ ಎಂತದೂ ಇಲ್ಲ. ಅಲ್ಲಿಗೇ ನಿಲ್ಲಿಸಿದ್ದಿ, ಅಲ್ವಾ?" ಹೌದಾಗಿರುತ್ತಿತ್ತು! ಆದರೂ ಬಯ್ಯುತ್ತಿರಲಿಲ್ಲ. ಬೇರೆ ಪುಸ್ತಕ ಕೊಡುತ್ತಿದ್ದರು. ಉಪ್ಪಿನಕಾಯಿ ಎಣ್ಣೆ ತಾಗಿದ ಪುಸ್ತಕ ಬಂದರೆ ಅವರಿಗೆ ಖುಷಿಯೇ. ಊಟ ಮಾಡುವಾಗಲೂ ಕೆಳಗಿಟ್ಟಿಲ್ಲ ಎಂದು ಅದರ ಅರ್ಥ.

ಕಪಾಟಿನ ಮೇಲಿನ ಖಾನೆಯ ಪುಸ್ತಕ ಮನೆಗೆ ಕೊಡುವುದಿಲ್ಲ. ಅಲ್ಲಿದ್ದದ್ದು ಶಿವರಾಮ ಕಾರಂತರ 'ಬಾಲಪ್ರಪಂಚ'ದ ಒಂದು ಸಂಪುಟ. ಮೂರು ಸಂಪುಟಗಳಲ್ಲಿ ನಮ್ಮ ಶಾಲೆಯಲ್ಲಿ ಉಳಿದದ್ದು ಅದೊಂದೇ. 1936ರಲ್ಲಿ ಆ ಪುಸ್ತಕ ಅಚ್ಚಾದಾಗ ನಮ್ಮ ಊರು ಮದ್ರಾಸು ಪ್ರಾಂತ್ಯದಲ್ಲಿ, ದಕ್ಷಿಣ ಕನ್ನಡ ಜಿಲ್ಲೆಯೊಳಗೆ ಇತ್ತು. 1956ರ ನವೆಂಬರ್ 1ಕ್ಕೆ ಊರು ಕೇರಳಕ್ಕೆ ಸೇರಿತು. ಪುಸ್ತಕ ಕಪಾಟಿನಲ್ಲೇ ಇತ್ತು.

ಐದನೇ ಕ್ಲಾಸಿನಲ್ಲಿ ನಾನು ಮತ್ತು ನನ್ನ ಗೆಳೆಯ ಸೇರಿ ಅದನ್ನು ಕದ್ದೆವು. ಕದಿಯುವುದು ಅಂತ ನಮಗೆ ಅನಿಸಿರಲಿಲ್ಲ. ಒಂದು ರಾತ್ರಿ ಮನೆಯಲ್ಲಿಟ್ಟು ಪೂರ್ತಿ ನೋಡಬೇಕು, ನಾಳೆ ತಂದಿಡಬೇಕು, ಅಷ್ಟೇ. ಆಟಿ ತಿಂಗಳ ಮಳೆ. ಅಂಗಿಯ ಒಳಗೆ ಪುಸ್ತಕ ಇಟ್ಟು, ಚಡ್ಡಿಗೆ ಸಿಕ್ಕಿಸಿ, ತೋಡಿನ ಸಂಕ ದಾಟುವಾಗ ನನ್ನ ಕಾಲು ಜಾರಿತು. ಸೊಂಟದವರೆಗೆ ನೀರು. ಗೆಳೆಯ ಕೊಡೆ ಬಿಸಾಡಿ ನನ್ನ ಕೈ ಹಿಡಿದ. ಕೊಡೆ ತೋಡಿನಲ್ಲಿ ಹೋಯಿತು. ಪುಸ್ತಕ ಅಂಗಿಯೊಳಗೆ ನೆನೆದು ಅಕ್ಕಿಮೂಟೆಯ ಹಾಗೆ ಭಾರವಾಗಿತ್ತು.

ಆ ರಾತ್ರಿ ನಾನು ಓದಲಿಲ್ಲ. ಬಚ್ಚಲ ಒಲೆಯ ಎದುರು ಕೂತು ಒಂದೊಂದೇ ಹಾಳೆ ಬಿಡಿಸಿ ಒಣಗಿಸಿದೆ. ಹಸಿ ಸೌದೆ, ಜಾಸ್ತಿ ಹೊಗೆ, ಕಣ್ಣಲ್ಲಿ ನೀರು. ಒಂದು ಕಡೆ ಹೊಲಿಗೆ ಬಿಟ್ಟು ಹತ್ತಿಪ್ಪತ್ತು ಹಾಳೆ ಕೈಗೇ ಬಂದವು. ಬೆಳಿಗ್ಗೆ ನೋಡಿದರೆ ಪುಸ್ತಕ ಹಪ್ಪಳದ ಹಾಗೆ ಸೊಟ್ಟ.

ಮೂರು ದಿನ ಬಿಟ್ಟು ಹೇಗೋ ಕಪಾಟಿಗೆ ಸೇರಿಸಿದೆವು. ಮಾಷ್ಟ್ರು ಕಪಾಟಿನ ಬಾಗಿಲು ತೆರೆದವರು ಅಲ್ಲೇ ನಿಂತರು. ಮೂಸಿದರು. ನಮ್ಮ ಕ್ಲಾಸಿಗೆ ಬಂದು ಒಬ್ಬೊಬ್ಬರ ಹತ್ತಿರ ನಿಂತು ಮುಂದೆ ಹೋದರು. ನನ್ನ ಅಂಗಿಗೂ ಅದೇ ಹೊಗೆಯ ವಾಸನೆ ಇತ್ತು. ಮಳೆಗಾಲದಲ್ಲಿ ಬಟ್ಟೆ ಒಣಗುವುದೂ ಅದೇ ಒಲೆಯ ಹತ್ತಿರ ತಾನೇ? "ನಿಮ್ಮದು ಅಡಿಕೆ ತೋಟ ಉಂಟಲ್ಲ. ನಾಳೆ ಅಪ್ಪನ ಹತ್ತಿರ ಕೇಳಿ ಒಂದು ಚಿಟಿಕೆ ಮೈಲುತುತ್ತು ತಾ" ಅಂದರು. ಮತ್ತೇನೂ ಹೇಳಲಿಲ್ಲ.

ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿಗೂ ಪುಸ್ತಕಕ್ಕೂ ಎಂತ ಸಂಬಂಧ ಅಂತ ಅಪ್ಪನಿಗೂ ಗೊತ್ತಾಗಲಿಲ್ಲ. ಕಾಗದದಲ್ಲಿ ಕಟ್ಟಿಕೊಟ್ಟರು. ಮಾಷ್ಟ್ರು ಮೈದಾ ಅಂಟು ಕಾಯಿಸಿ ಅದನ್ನು ಬೆರೆಸಿದರು. ಇದು ಬೆರೆಸಿದರೆ ಹುಳ ತಿನ್ನುವುದಿಲ್ಲ, ನೀನು ಕೈಯಲ್ಲಿ ಮುಟ್ಟಬೇಡ ಅಂದರು. ಹೊಲಿಗೆ ಟೀಚರ್ ದಾರಕ್ಕೆ ಮೇಣದ ಬತ್ತಿ ಉಜ್ಜಿ, ಬಿಟ್ಟುಹೋದ ಹಾಳೆಗಳನ್ನು ಹೊಲಿದರು. ಆ ಟೀಚರ್ ಮಾತು ಕಡಿಮೆ. ಸೂಜಿ ಬಾಯಲ್ಲಿ ಕಚ್ಚಿಕೊಂಡು ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ಇವತ್ತಿಗೂ ಆ ನೋಟ ನೆನಪಾದರೆ ತಲೆ ತಗ್ಗುತ್ತದೆ. ಅಂಟಿಸಿದ ಬೆನ್ನಿನ ಮೇಲೆ ಅಡುಗೆಕೋಣೆಯ ಕಡೆಯುವ ಕಲ್ಲಿನ ಗುಂಡು ಇಟ್ಟು ಎರಡು ದಿನ ಬಿಟ್ಟರು.

ಆಮೇಲೆ ಶಿಕ್ಷೆ. ವರ್ಷ ಮುಗಿಯುವ ತನಕ ಪ್ರತಿ ಶುಕ್ರವಾರ ಎರಡನೇ ಕ್ಲಾಸಿನ ಮಕ್ಕಳಿಗೆ ಆ ಪುಸ್ತಕದಿಂದ ಒಂದು ಪುಟ ಓದಿ ಹೇಳಬೇಕು. ಓದಿದರೆ ಸಾಲದು, ಅವರಿಗೆ ಅರ್ಥವಾಗಬೇಕು. ನಾನು ಒಂದು ವಾಕ್ಯ ಕನ್ನಡದಲ್ಲಿ ಓದುತ್ತಿದ್ದೆ, ತುಳುವಿನಲ್ಲಿ ಬಿಡಿಸುತ್ತಿದ್ದೆ. ಗೆಳೆಯ ಮಲಯಾಳದಲ್ಲಿ ಹೇಳುತ್ತಿದ್ದ. ಇಂದು ಮಂಗಳೂರಿನ ಬ್ಯಾಂಕಿನಲ್ಲಿ ಗಡಿನಾಡಿನ ಯಾವ ಗಿರಾಕಿ ಬಂದರೂ ನನ್ನ ಕೌಂಟರನ್ನೇ ಹುಡುಕಿ ಬರುತ್ತಾರೆ. ಎಲ್ಲರಿಗೂ ಅವರವರ ಮಾತಿನಲ್ಲೇ ಅರ್ಥ ಮಾಡಿಸಬಲ್ಲೆ. ನನ್ನ ಬರಹಗಳು ಪತ್ರಿಕೆಗಳಲ್ಲಿ ಬಂದಿವೆ, ರಾಜ್ಯೋತ್ಸವದ ವೇದಿಕೆಯಲ್ಲಿ ಮಾತಾಡಿದ್ದೇನೆ. ಒಳ್ಳೆಯ ಕನ್ನಡ, ಎಲ್ಲಿ ಕಲಿತಿರಿ ಎಂದು ಘಟ್ಟದ ಮೇಲಿನವರು ಕೇಳಿದರೆ, ಎರಡನೇ ಕ್ಲಾಸಿಗೆ ಪಾಠ ಹೇಳಿ ಕಲಿತೆ ಎನ್ನುತ್ತೇನೆ. ಅದು ನಿಜ.

ಈ ಜೂನ್ 19ಕ್ಕೆ ಓದಿನ ದಿನದ ಅತಿಥಿಯಾಗಿ ಶಾಲೆಗೆ ಹೋಗಿದ್ದೆ. ಕೇರಳದ ಊರೂರಿನಲ್ಲಿ ಗ್ರಂಥಾಲಯ ಕಟ್ಟಿದ ಪಿ. ಎನ್. ಪಣಿಕ್ಕರ್ 1995ರಲ್ಲಿ ತೀರಿಕೊಂಡ ದಿನ ಅದು. ನಮ್ಮ ಕಾಲದಲ್ಲಿ ಇದು ಇರಲಿಲ್ಲ. ಈಗ ಒಳ್ಳೆಯ ಲೈಬ್ರರಿ ಕೋಣೆ ಇದೆ, ಸ್ಟೀಲ್ ರ್‍ಯಾಕ್ ಇದೆ, ನಮಗಿದ್ದದ್ದರ ಹತ್ತು ಪಟ್ಟು ಪುಸ್ತಕ ಇದೆ. ನೋಡಿ ಹೊಟ್ಟೆ ತುಂಬಿತು. ಆದರೆ ಪುಸ್ತಕಗಳೆಲ್ಲ ತೀರಾ ಹೊಸದಾಗಿವೆ. ಒಂದರಲ್ಲೂ ಕಲೆ ಇಲ್ಲ. ಓದಿದ ಪ್ರತಿ ಪುಸ್ತಕಕ್ಕೂ ಮಕ್ಕಳು ಟಿಪ್ಪಣಿ ಬರೆಯಬೇಕು. ಪುಸ್ತಕದ ಹೆಸರು, ಬರೆದವರು, ಪಾತ್ರಗಳು, ಇಷ್ಟವಾದ ಭಾಗ, ನೀತಿ. ಜಾಸ್ತಿ ಬರೆದವರಿಗೆ ಬಹುಮಾನ. ಟೀಚರುಗಳನ್ನು ದೂರುವುದಿಲ್ಲ, ಅವರಿಗೂ ಮೇಲಿನವರಿಗೆ ತೋರಿಸುವ ಲೆಕ್ಕ ಇರುತ್ತದೆ. ಆದರೂ ನನಗೆ ಸಂಕಟವಾಯಿತು. ನಾಲ್ಕನೇ ಕ್ಲಾಸಿನ ಒಂದು ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಸರ್, ಟಿಪ್ಪಣಿ ಬರೆಯದೆ ಸುಮ್ನೆ ಓದಬಹುದಾ?"

ಹಳೇ ಕಪಾಟು ಈಗ ಸ್ಟೋರಿನಲ್ಲಿದೆ, ಚಾಕ್ ಪೆಟ್ಟಿಗೆ ಇಡಲು. ಮೇಲಿನ ಖಾನೆಯಲ್ಲಿ ಕೈ ಆಡಿಸಿದೆ. ಪುಸ್ತಕ ಅಲ್ಲೇ ಇತ್ತು. ಬೆನ್ನಿನ ಅಂಚಿನಲ್ಲಿ ಮೈಲುತುತ್ತಿನ ಹಸಿರು ಗೆರೆ. ಹುಳ ತಾಗಿರಲಿಲ್ಲ. ಮೂಸಿ ನೋಡಿದೆ, ಹೊಗೆಯ ವಾಸನೆ ಹೋಗಿತ್ತು.

ಆ ಹುಡುಗಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಮನೆಗೆ ಕೊಡುತ್ತೀರಾ ಎಂದು ಕೇಳಿದಳು. ಹಳೇ ಪುಸ್ತಕ, ಮನೆಗೆ ಕೊಡುವ ಕ್ರಮ ಇಲ್ಲ ಎಂದರು ಟೀಚರ್.

"ನನ್ನ ಹೆಸರಿನಲ್ಲಿ ಬರೆದುಕೊಳ್ಳಿ ಟೀಚರೇ" ಎಂದೆ.

ಹೊರಗೆ ಮಳೆ ಸುರಿಯುತ್ತಿತ್ತು. ಪೇಟೆಯಿಂದ ತಂದಿದ್ದ ಹಣ್ಣನ್ನು ಮೇಜಿನ ಮೇಲೆ ಸುರಿದು, ಆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಪುಸ್ತಕ ಸುತ್ತಿ, ಎರಡು ಗಂಟು ಹಾಕಿ ಅವಳ ಚೀಲದೊಳಗೆ ಇಟ್ಟೆ.