ಹಳದಿ ವಜ್ರಕ್ಕೆ ಬೆಲೆ ಎಲ್ಲಿಂದ ಬರುತ್ತದೆ?

ಮುಂಬೈಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿರುವ ವಜ್ರ ವ್ಯಾಪಾರ ಕೇಂದ್ರವಾದ ಭಾರತ್ ಡೈಮಂಡ್ ಬೋರ್ಸ್‌ನ ಕಚೇರಿಯೊಂದರಲ್ಲಿ ವಜ್ರ ವಿಂಗಡಿಸುವುದು ನನ್ನ ಉದ್ಯೋಗ. ಹಾಗಾಗಿ ಮದುವೆಯ ಕಾಲ ಬಂತೆಂದರೆ ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಬಿಳಿ ವಜ್ರದಲ್ಲಿ ತುಸು ಹಳದಿ ಕಂಡರೆ ಬೆಲೆ ಇಳಿಯುತ್ತದೆ, ಆದರೆ ಪೂರ್ತಿ ಹಳದಿಯಾದ ವಜ್ರಕ್ಕೆ ಬೆಲೆ ಏರುತ್ತದೆ, ಇದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಎರಡೂ ಕಡೆ ಬಣ್ಣ ಕೊಡುವುದು ಸಾರಜನಕವೇ.

ಭೂಮಿಯ ಆಳದಲ್ಲಿ ಹರಳು ಬೆಳೆಯುವಾಗ ಅಲ್ಲಲ್ಲಿ ಇಂಗಾಲದ ಪರಮಾಣು ಇರಬೇಕಾದ ಜಾಗದಲ್ಲಿ ಸಾರಜನಕದ ಪರಮಾಣು ಕೂತುಬಿಡುತ್ತದೆ. ಕಾಲ ಕಳೆದಂತೆ ಇವು ಗುಂಪುಗೂಡುತ್ತವೆ. ಮೂರು ಸಾರಜನಕ ಪರಮಾಣುಗಳು ಒಂದು ಖಾಲಿ ಜಾಗದ ಸುತ್ತ ಸೇರಿದ ಗುಂಪು ನೇರಳೆ-ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಉಳಿದ ಬೆಳಕು ಹಳದಿಯಾಗಿ ಕಾಣುತ್ತದೆ. ಪೇಟೆಯಲ್ಲಿ ಕೇಪ್ ಎನ್ನುವುದು ಈ ಬಗೆಯನ್ನೇ. ಗುಂಪುಗೂಡದೆ ಒಂಟಿಯಾಗಿ ಉಳಿದ ಪರಮಾಣುಗಳು ಇನ್ನೂ ಗಾಢವಾದ, ಕ್ಯಾನರಿ ಎಂದು ಹೆಸರಾದ ಹಳದಿಯನ್ನು ಕೊಡುತ್ತವೆ. ಅಂಥ ಹರಳು ನಿಸರ್ಗದಲ್ಲಿ ಬಹಳ ವಿರಳ.

ವಜ್ರಗಳ ದರ್ಜೆ ನಿರ್ಧರಿಸುವ ಅಮೆರಿಕದ ರತ್ನಶಾಸ್ತ್ರ ಸಂಸ್ಥೆ ಜಿಐಎಯ ಮಾಪಕದಲ್ಲಿ ಬಣ್ಣವಿಲ್ಲದ ವಜ್ರ ಡಿ. ಅಲ್ಲಿಂದ ಝಡ್‌ವರೆಗೆ ಹಳದಿ ಅಥವಾ ಕಂದು ಛಾಯೆ ಹೆಚ್ಚುತ್ತ ಹೋದ ಹಾಗೆ ಬೆಲೆ ಸಾಮಾನ್ಯವಾಗಿ ಇಳಿಯುತ್ತದೆ. ಝಡ್ ದಾಟಿದ ಹಳದಿ ಫ್ಯಾನ್ಸಿ ಎನಿಸಿಕೊಳ್ಳುತ್ತದೆ ಮತ್ತು ಅಲ್ಲಿಂದಾಚೆ ಲೆಕ್ಕವೇ ತಿರುಗುತ್ತದೆ: ಫ್ಯಾನ್ಸಿ ಲೈಟ್, ಫ್ಯಾನ್ಸಿ, ಫ್ಯಾನ್ಸಿ ಇಂಟೆನ್ಸ್, ಫ್ಯಾನ್ಸಿ ವಿವಿಡ್ ಎಂದು ಬಣ್ಣ ಏರಿದಷ್ಟೂ ಬೆಲೆ ಏರುತ್ತದೆ.

ಈ ಗಡಿಯನ್ನು ಕಣ್ಣಾರೆ ನೋಡಬೇಕು. ಬಿಳಿ ಕಾಗದವನ್ನು ಮಡಿಸಿ, ಆ ಮಡಿಕೆಯಲ್ಲಿ ಹರಳನ್ನು ಬೋರಲಾಗಿಟ್ಟು ಪಕ್ಕದಿಂದ ನೋಡಿದರೆ ಮಿನುಗು ಅಡ್ಡ ಬಾರದೆ ಮೈಯ ನಿಜವಾದ ಬಣ್ಣ ತಿಳಿಯುತ್ತದೆ. ಬಿಳಿ ವಜ್ರದ ದರ್ಜೆಯನ್ನು ಹೀಗೆಯೇ ನಿರ್ಧರಿಸುತ್ತಾರೆ. ಫ್ಯಾನ್ಸಿ ಬಣ್ಣವನ್ನಾದರೋ ಹರಳಿನ ಮುಖ ಮೇಲೆ ಮಾಡಿಯೇ ನೋಡುತ್ತಾರೆ. ಆದ್ದರಿಂದಲೇ ಇಲ್ಲಿ ಕಟಿಂಗ್‌ಗೆ ಇಷ್ಟು ಮಹತ್ವ. ದುಂಡು ಬ್ರಿಲಿಯಂಟ್ ಕಟಿಂಗ್‌ನಲ್ಲಿ ಬಣ್ಣ ತೆಳುವಾಗಿ ಕಾಣುತ್ತದೆ. ಚೌಕ ಅಥವಾ ಆಯದ ಆಕಾರದ ರೇಡಿಯಂಟ್, ಕುಶನ್ ಕಟಿಂಗ್‌ಗಳಲ್ಲಿ ಬೆಳಕು ಹರಳಿನೊಳಗೆ ಹೆಚ್ಚು ದೂರ ಸುತ್ತಿ ಬರುವುದರಿಂದ ಅದೇ ಬಣ್ಣ ತುಂಬಿಕೊಂಡು ಕಾಣುತ್ತದೆ. ಗಡಿಯ ಹತ್ತಿರದ ಕಚ್ಚಾ ಹರಳನ್ನು ಒಳ್ಳೆಯ ಕುಶಲಕರ್ಮಿ ಝಡ್‌ನ ಆಚೆಗೆ ದಾಟಿಸಿಬಿಡಬಲ್ಲ. ನಮ್ಮ ಈ ವಿದ್ಯೆಯಲ್ಲಿ ನನಗೆ ಅತ್ಯಂತ ಗೌರವವಿರುವುದು ಈ ಕೈಚಳಕದ ಮೇಲೆ.

1877ರಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಸಿಕ್ಕ ಟಿಫನಿ ಹಳದಿ ವಜ್ರ ಇದಕ್ಕೆ ದೊಡ್ಡ ಸಾಕ್ಷಿ. 287.42 ಕ್ಯಾರಟ್‌ನ ಕಚ್ಚಾ ಹರಳನ್ನು 128.54 ಕ್ಯಾರಟ್‌ಗೆ ಇಳಿಸಿ, ಅದಕ್ಕೆ 82 ಮುಖಗಳನ್ನು ಕೊಟ್ಟರು. ಅರ್ಧಕ್ಕಿಂತ ಹೆಚ್ಚು ತೂಕವನ್ನು ಬಿಟ್ಟುಕೊಟ್ಟದ್ದು ಆ ಹೊಳಪಿಗಾಗಿ. ಇನ್ನು ದರ್ಜೆಯ ತುದಿಯಲ್ಲಿ ಬೆಲೆ ಎಲ್ಲಿಗೆ ಮುಟ್ಟೀತು ಎಂಬುದಕ್ಕೆ, 100.09 ಕ್ಯಾರಟ್‌ನ ಗ್ರಾಫ್ ವಿವಿಡ್ ಯೆಲ್ಲೋ ಎಂಬ ವಜ್ರ 2014ರ ಜಿನೀವಾ ಹರಾಜಿನಲ್ಲಿ 1.6 ಕೋಟಿ ಡಾಲರಿಗೂ ಮಿಕ್ಕಿ ಹೋಯಿತು.

ಇದನ್ನು ಕೇಳಿ ಹಳದಿ ವಜ್ರವೆಲ್ಲ ಅಪರೂಪವೆಂದು ತಿಳಿಯಬಾರದು. ಬಣ್ಣದ ವಜ್ರಗಳಲ್ಲಿ ಕಂದು ಮತ್ತು ಹಳದಿ ಹೆಚ್ಚಾಗಿ ಸಿಗುತ್ತವೆ. ಕೆಂಪು, ನೀಲಿ, ಗುಲಾಬಿ ವಜ್ರಗಳ ವಿರಳತೆ ಇವಕ್ಕಿಲ್ಲ. ಅಷ್ಟೇ ತೂಕದ ಡಿ ದರ್ಜೆಯ ಶುಭ್ರ ವಜ್ರಕ್ಕಿಂತ ಫ್ಯಾನ್ಸಿ ಲೈಟ್ ಹಳದಿ ಅನೇಕ ಸಲ ಅಗ್ಗವೇ ಆಗಿರುತ್ತದೆ. ಹಳದಿಯಲ್ಲಿ ಕಂದು ಬೆರೆತಿದ್ದರೂ ಬೆಲೆ ಇಳಿಯುತ್ತದೆ.

ಕೊಳ್ಳುವವರಿಗೆ ನಾನು ಒತ್ತಿ ಹೇಳುವುದು ಇಷ್ಟು: ಉಂಗುರಕ್ಕೆ ಕಟ್ಟಿದ ಹರಳನ್ನು ನೋಡಿ ತೀರ್ಮಾನಿಸಬೇಡಿ. ಹಿಂಬದಿ ಮುಚ್ಚಿದ ಹಳದಿ ಚಿನ್ನದ ಕಟ್ಟಿನಲ್ಲಿ ಡಬ್ಲ್ಯು-ಎಕ್ಸ್ ದರ್ಜೆಯ ಹರಳೂ ಫ್ಯಾನ್ಸಿಯಂತೆ ತೋರುತ್ತದೆ. ಆ ಬಣ್ಣ ನಿಮಗೆ ಹಿಡಿಸಿದರೆ ಧಾರಾಳವಾಗಿ ಕೊಳ್ಳಿ, ಆದರೆ ಫ್ಯಾನ್ಸಿಯ ಬೆಲೆ ಕೊಡಬೇಡಿ. ಪ್ರಮಾಣಪತ್ರದಲ್ಲಿ ದರ್ಜೆಯ ಜೊತೆಗೆ ಬಣ್ಣದ ಮೂಲ ನೈಸರ್ಗಿಕವೆಂದು ಬರೆದಿದೆಯೇ ಎಂದೂ ನೋಡಿ; ವಿಕಿರಣದಿಂದಲೋ ಅಧಿಕ ಒತ್ತಡ ಮತ್ತು ಶಾಖದಿಂದಲೋ ಬಣ್ಣ ಬರಿಸಿದ ಹರಳುಗಳು ಪೇಟೆಯಲ್ಲಿವೆ. ಅದೇ ಒತ್ತಡ-ಶಾಖದ ವಿಧಾನದಲ್ಲಿ ಪ್ರಯೋಗಾಲಯದಲ್ಲಿ ವಜ್ರ ಬೆಳೆಸುವಾಗ ಸಾರಜನಕ ತಾನಾಗಿಯೇ ಒಳಸೇರುತ್ತದೆ, ಅದನ್ನು ಹೊರಗಿಡುವುದೇ ಕಷ್ಟ. ಹೀಗಾಗಿ ಅಲ್ಲಿ ಗಾಢ ಹಳದಿ ಸುಲಭವಾಗಿ ಸಿಗುವ ಬಣ್ಣ, ಅದಕ್ಕೆ ವಿರಳತೆಯ ಬೆಲೆ ಕೇಳುವ ಹಕ್ಕು ಯಾವ ವ್ಯಾಪಾರಿಗೂ ಇಲ್ಲ.