ಹುಂಡಿಗೆ ಹಾಕಿದ ಅರ್ಧ ದುಡ್ಡು

"ಮನಸ್ಸಲ್ಲಿ ಒಂದಷ್ಟು ದುಡ್ಡು ಅಂದ್ಕೋ. ಎಷ್ಟು ಅಂತ ಹೇಳ್ಬೇಡ. ಅಷ್ಟೇ ದುಡ್ಡು ಫ್ರೆಂಡ್ ಹತ್ರ ಸಾಲ ತಗೋ. ನಾನು ಹತ್ತು ರೂಪಾಯಿ ಕೊಡ್ತೀನಿ. ಎಲ್ಲಾ ಸೇರಿಸಿ ಅರ್ಧ ದೇವಸ್ಥಾನದ ಹುಂಡಿಗೆ ಹಾಕು. ಫ್ರೆಂಡ್ ಸಾಲ ತೀರಿಸು. ನಿನ್ನ ಕೈಯಲ್ಲಿ ಈಗ ಐದು ರೂಪಾಯಿ ಇದೆ, ಅಲ್ವಾ?"

ಚಿಕ್ಕವರಿದ್ದಾಗ ಈ ಆಟ ಆಡಿರುತ್ತೀರಿ, ಇಲ್ಲಾ ಯಾರಾದರೂ ನಿಮ್ಮ ಮೇಲೆ ಆಡಿರುತ್ತಾರೆ. ಇದರ ಒಳಗುಟ್ಟು ಎರಡೇ ಸಾಲಿನದು. ಶಾಲೆಯಲ್ಲಿ ಎಕ್ಸ್ ಅಂತಿದ್ದೆವಲ್ಲ, ಅದನ್ನು ಇಲ್ಲಿ ಸುಮ್ನೆ ಕ ಅನ್ನೋಣ. ನಿಮ್ಮ ದುಡ್ಡು ಕ, ಸಾಲ ತಂದಿದ್ದು ಇನ್ನೊಂದು ಕ, ನಾನು ಕೊಟ್ಟಿದ್ದು 10. ಒಟ್ಟು 2ಕ + 10. ಅರ್ಧ ಹುಂಡಿಗೆ ಹೋದರೆ ಉಳಿಯುವುದು ಕ + 5. ಸಾಲ ತೀರಿಸಿದರೆ ಆ ಕ ಕೂಡ ಹೋಯಿತು. ಉಳಿದದ್ದು 5.

ಲೆಕ್ಕವನ್ನು ಇನ್ನೊಂದು ಸಲ ನೋಡಿ. ನೀವು ಅಂದುಕೊಂಡ ದುಡ್ಡು ಪೂರ್ತಿ ಹುಂಡಿ ಸೇರಿದೆ. ಕೈಯಲ್ಲಿ ಉಳಿದದ್ದು ನಾನು ಕೊಟ್ಟಿದ್ದರ ಅರ್ಧ, ಅಷ್ಟೇ! ನನ್ನ ದುಡ್ಡು ಎಷ್ಟು ಅಂತ ನನಗೆ ಗೊತ್ತಿರುವುದರಲ್ಲಿ ಯಾವ ಮಾಯ ಮಂತ್ರ? ನಾನು 24 ಕೊಟ್ಟಿದ್ದರೆ 12 ಅನ್ನುತ್ತಿದ್ದೆ.

ಬೀಜಗಣಿತ ಅಂದರೆ "ಎಕ್ಸ್ ಬೆಲೆ ಕಂಡುಹಿಡಿಯಿರಿ" ಅಂತಲೇ ನಮಗೆ ಕಲಿಸಿದ್ದು. ಪುಟಗಟ್ಟಲೆ ಕಂಡುಹಿಡಿದೆವು. ಇಲ್ಲಿ ಮಜಾ ಏನೆಂದರೆ ಎಕ್ಸ್ ಎಷ್ಟು ಅಂತ ಯಾರಿಗೂ ಬೇಕಾಗಿಲ್ಲ. ಅದು ಎಲ್ಲಿ ಹೋಗುತ್ತದೆ ಅಂತ ನೋಡುತ್ತಿದ್ದರೆ ಸಾಕು. ನನ್ನ ಕೇಳಿದರೆ, ಬೀಜಗಣಿತದ ಮೊದಲ ಪಾಠವೇ ಈ ಹುಂಡಿ ಲೆಕ್ಕ ಆಗಬೇಕಿತ್ತು.

ಇದೇ ಕಣ್ಣಲ್ಲಿ ವಾಟ್ಸಾಪ್ ಫಾರ್ವರ್ಡ್‌ಗಳನ್ನು ನೋಡಿ. ನಿಮ್ಮ ವಯಸ್ಸಿಗೆ ಹುಟ್ಟಿದ ಇಸವಿ ಕೂಡಿಸಿ, ಎಲ್ಲರಿಗೂ ಒಂದೇ ಉತ್ತರ ಬರುತ್ತದೆ, ಸಾವಿರ ವರ್ಷಕ್ಕೊಮ್ಮೆ ಮಾತ್ರ ಹೀಗಾಗುವುದು, ಹತ್ತು ಜನರಿಗೆ ಕಳಿಸಿ ಅಂತ ಬರುತ್ತದಲ್ಲ. ಈ ವರ್ಷ ತುಂಬುವ ವಯಸ್ಸು ಅಂದರೇನೇ ಈ ವರ್ಷದಿಂದ ಹುಟ್ಟಿದ ವರ್ಷ ಕಳೆದಿದ್ದು. ಕಳೆದಿದ್ದನ್ನೇ ಮತ್ತೆ ಕೂಡಿಸಿದರೆ ಈ ವರ್ಷ ಬರದೆ ಇನ್ನೇನು ಬರುತ್ತದೆ? ಇಷ್ಟಾದರೂ ಅದು ಪ್ರತಿ ಜನವರಿಗೆ ಹೊಸದಾಗಿ ಬರುತ್ತದೆ, ಫ್ಯಾಮಿಲಿ ಗ್ರೂಪಿನಲ್ಲಿ ಕೈಮುಗಿಯುವ ಇಮೋಜಿಗಳೂ ಬೀಳುತ್ತವೆ.

ಶೂ ಸೈಜಿನ ಫಾರ್ವರ್ಡ್ ಇದಕ್ಕಿಂತ ಜಾಣತನದ್ದು. ಸೈಜನ್ನು 5ರಿಂದ ಗುಣಿಸಿ, 50 ಕೂಡಿಸಿ, 20ರಿಂದ ಗುಣಿಸಿ, 1025 ಕೂಡಿಸಿ, ಹುಟ್ಟಿದ ಇಸವಿ ಕಳೆಯಿರಿ. ಸೈಜ್ 8, ಹುಟ್ಟಿದ್ದು 1985 ಆದರೆ 40, 90, 1800, 2825, ಕೊನೆಗೆ 840. ಮೊದಲು ಶೂ ಸೈಜ್, ಹಿಂದೆಯೇ ವಯಸ್ಸು! ಸೈಜನ್ನು ಕ ಅಂದರೆ 5 ಮತ್ತು 20 ಸೇರಿ ಅದು 100ಕ ಆಗುತ್ತದೆ. ಆ 50 ಕೂಡ 20ರಿಂದ ಗುಣಿಸಿಕೊಂಡು 1000 ಆಗಿರುತ್ತದೆ, ಅದಕ್ಕೆ 1025 ಸೇರಿದರೆ 2025. ಅದರಿಂದ ಹುಟ್ಟಿದ ಇಸವಿ ಕಳೆದರೆ 2025ರಲ್ಲಿ ನಿಮಗೆ ತುಂಬುವ ವಯಸ್ಸು. 2026ಕ್ಕೆ 1026 ಹಾಕಿದರಾಯಿತು. ಹುಂಡಿ ಆಟದಲ್ಲಿ ಕ ಮಾಯವಾಯಿತು, ಇಲ್ಲಿ ಅದು ನೂರರ ಸ್ಥಾನದಲ್ಲಿ ಹಾಯಾಗಿ ಕೂತಿದೆ. ನೀವು ಕೊಟ್ಟಿದ್ದನ್ನೇ ನಿಮಗೆ ಓದಿ ಹೇಳುವ ಆಟ.

ಎಲ್ಲಿ ಕೈಕೊಡುತ್ತದೆ ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಏಳೂವರೆ ಸೈಜ್ ಹಾಕಿ ನೋಡಿ. 100ಕ ಅಂದರೆ 750, ಅದಕ್ಕೆ ನಲವತ್ತು ಸೇರಿ 790. ಸೈಜ್ 7, ವಯಸ್ಸು 90! ನೂರೊಂದು ವರ್ಷದ ಅಜ್ಜಿಯ ಸೈಜ್ 5 ಆದರೆ ಬರುವುದು 601, ಅಂದರೆ ಆರು ಸೈಜ್ ಶೂ ಹಾಕಿಕೊಂಡ ಒಂದು ವರ್ಷದ ಕೂಸು.

ನನಗೆ ತುಂಬಾ ಇಷ್ಟವಾದದ್ದು 1089. ಮೂರಂಕಿಯ ಸಂಖ್ಯೆ ತಗೊಳ್ಳಿ, ಮೊದಲ ಅಂಕಿ ಕೊನೆಯದಕ್ಕಿಂತ ದೊಡ್ಡದಿರಲಿ. 742 ಅಂದುಕೊಳ್ಳಿ. ತಿರುಗಿಸಿ ಬರೆದು ಕಳೆದರೆ 742 − 247 = 495. ಆ ಉತ್ತರವನ್ನೂ ತಿರುಗಿಸಿ ಕೂಡಿಸಿದರೆ 495 + 594 = 1089. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಅದೇ.

ಅಂಕಿಗಳು ಕ, ಗ, ಚ ಆಗಿರಲಿ. ಸಂಖ್ಯೆ 100ಕ + 10ಗ + ಚ, ತಿರುಗಿಸಿದ್ದು 100ಚ + 10ಗ + ಕ. ಕಳೆದಾಗ ನಡುವಿನ ಗ ಎರಡೂ ಕಡೆ ಒಂದೇ ಇರುವುದರಿಂದ ಹೊರಟೇ ಹೋಗುತ್ತದೆ, ಉಳಿಯುವುದು 99(ಕ − ಚ). ಅಂದರೆ ಮೊದಲ ಹೆಜ್ಜೆಗೇ ನೀವು 99ರ ಮಗ್ಗಿಯೊಳಗೆ ಸಿಕ್ಕಿಬಿದ್ದಿರಿ: 099, 198, 297, 396, 495, 594, 693, 792, 891. ನಡುವೆ ಯಾವಾಗಲೂ 9. ಎರಡು ತುದಿ ಕೂಡಿದರೂ 9. ತಿರುಗಿಸಿ ಕೂಡಿಸಿದಾಗ ಬಿಡಿಯಲ್ಲಿ 9, ಹತ್ತರಲ್ಲಿ 18, ನೂರರಲ್ಲಿ 9. ಒಟ್ಟು 900 + 180 + 9. ಬೇರೆ ಏನು ಬರಲಿಕ್ಕೂ ಜಾಗವೇ ಇಲ್ಲ. ಆದರೆ ವ್ಯತ್ಯಾಸ 99 ಬಂದರೆ ಅದನ್ನು 099 ಅಂತಲೇ ಬರೆಯಲು ಹೇಳಬೇಕು, ಇಲ್ಲದಿದ್ದರೆ 99 + 99 = 198 ಆಗಿ ಎಲ್ಲರೆದುರು ಮುಖ ಕೆಡುತ್ತದೆ.

ಮೂರಂಕಿಯ ಸಂಖ್ಯೆಯನ್ನು ಎರಡು ಸಲ ಬರೆಯುವ ಆಟ ಸಣ್ಣದು. 358358 ಅನ್ನು 7, 11, 13ರಿಂದ ಒಂದಾದ ಮೇಲೊಂದು ಭಾಗಿಸಿದರೆ 358 ವಾಪಸ್. ಎರಡು ಸಲ ಬರೆಯುವುದೆಂದರೆ 1000ಕ + ಕ, ಅಂದರೆ 1001ಕ. ಮೂರನ್ನೂ ಗುಣಿಸಿದರೂ 1001. ಇದರ ದೊಡ್ಡಣ್ಣ ನಮ್ಮಲ್ಲೇ ಸಿಗುತ್ತಾನೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹೂವಿನ ಹಾರದ ಹಾಗೆ ಎರಡು ಕಡೆಯಿಂದಲೂ ಒಂದೇ ಥರ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 142857143 × 7 = 1000000001 ಅವುಗಳಲ್ಲಿ ಒಂದು. ಹಾಗಾಗಿ ಒಂಬತ್ತಂಕಿಯ ಯಾವುದೇ ಸಂಖ್ಯೆಯನ್ನು ಎರಡು ಸಲ ಬರೆದರೂ 7ರಿಂದ ಶೇಷವಿಲ್ಲದೆ ಭಾಗ ಹೋಗುತ್ತದೆ.

ಎಲ್ಲವೂ ಇಷ್ಟು ಸಲೀಸಲ್ಲ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್ ಅವರ 6174 ನೋಡಿ. ನಾಲ್ಕಂಕಿಯ ಸಂಖ್ಯೆ, ನಾಲ್ಕೂ ಒಂದೇ ಅಂಕಿ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಿರಿ, ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. 3524 ಆದರೆ 5432 − 2345 = 3087, ಆಮೇಲೆ 8730 − 0378 = 8352, ಆಮೇಲೆ 8532 − 2358 = 6174. ಅಲ್ಲಿಂದ ಮುಂದೆ ಕದಲುವುದಿಲ್ಲ. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಕೊನೆಗೆ ಇಲ್ಲಿಗೇ ಬರುತ್ತದೆ.

ಇಳಿಕೆಯಲ್ಲಿರುವ ಅಂಕಿಗಳನ್ನು ಕ, ಗ, ಚ, ಜ ಅಂದರೆ ವ್ಯತ್ಯಾಸ 999(ಕ − ಜ) + 90(ಗ − ಚ). ಎರಡು ವ್ಯತ್ಯಾಸಗಳಷ್ಟೇ ಮುಖ್ಯ. ಹೊರಗಿನದು 1ರಿಂದ 9, ಒಳಗಿನದು ಅದನ್ನು ಮೀರುವಂತಿಲ್ಲ. ಎಣಿಸಿದರೆ ಮೊದಲ ಹೆಜ್ಜೆಯಲ್ಲೇ ಸುಮಾರು ಒಂಬತ್ತು ಸಾವಿರ ಸಂಖ್ಯೆಗಳು ಬರೀ 54ಕ್ಕೆ ಇಳಿಯುತ್ತವೆ. ಆದರೆ ಅಕ್ಷರಗಳು ಪೂರ್ತಿ ಮಾಯವಾಗುವುದಿಲ್ಲ, ಬೀಜಗಣಿತ ಇಲ್ಲಿಗೆ ಕೈಬಿಡುತ್ತದೆ. ಆ 54ನ್ನೂ ಒಂದೊಂದಾಗಿ ಮಾಡಿ ನೋಡಲೇಬೇಕು. ಯಾವುದೂ ಏಳು ಹೆಜ್ಜೆ ದಾಟುವುದಿಲ್ಲ. ಪೆನ್ನು, ಹಾಳೆ ಇದ್ದರೆ ಒಂದು ಭಾನುವಾರದ ಮಧ್ಯಾಹ್ನಕ್ಕೆ ಸಾಕಾಗುವಷ್ಟು ಕೆಲಸ.